ನೂರ ಹದಿನೇಳನೇ ಸ್ಲೈಡು

ಅವರನ್ನು ಡಾಕ್ಟರಮ್ಮ ಮೊದಲ ಸಲ ನೋಡಿದ್ದು ರಿಪೇರಿಯವರು ಅಂದುಕೊಂಡು.

ತಪ್ಪು ಅವಳೊಬ್ಬಳದೇ ಅಲ್ಲ ಬಿಡಿ. ಮೈಕ್ರೋಸ್ಕೋಪಿನ ದೀಪ ಬೆಳಗ್ಗೆಯಿಂದ ಮಿಣುಕುತ್ತಿತ್ತು. ಹತ್ತು ಗಂಟೆಗೆ ಜನ ಕಳಿಸುತ್ತೇವೆ ಅಂತ ಫೋನಿನಲ್ಲಿ ಹೇಳಿದ್ದರು. ಸರಿಯಾಗಿ ಹತ್ತಕ್ಕೆ ಹೆಗಲಿಗೆ ಬ್ಯಾಗು ಹಾಕಿಕೊಂಡು ಒಬ್ಬರು ಬಾಗಿಲಲ್ಲಿ ನಿಂತರು. ಅವಳು ಲೆನ್ಸಿನಿಂದ ಕಣ್ಣು ತೆಗೆಯದೆ, "ವೈರು ಮೇಜಿನ ಕೆಳಗಿದೆ ನೋಡಿ," ಅಂದಳು. ಅವರು ಒಂದು ಮಾತೂ ಆಡದೆ ಮೇಜಿನ ಕೆಳಗೆ ತೂರಿದರು.

ಕಾಲು ಗಂಟೆ ಆದ ಮೇಲೆ ಬಣ್ಣದಕ್ಕ ಬಂದಳು. ಲ್ಯಾಬಿನಲ್ಲಿ ಸ್ಲೈಡುಗಳಿಗೆ ಬಣ್ಣ ಹಾಕುವುದು ಅವಳ ಕೆಲಸ, ಇಪ್ಪತ್ತಾರು ವರ್ಷದಿಂದ ಅದೇ. ಅವಳ ನಿಜವಾದ ಹೆಸರು ಸಂಬಳದ ಚೀಟಿಗೆ ಬಿಟ್ಟು ಇನ್ಯಾರಿಗೂ ಗೊತ್ತಿರಲಿಲ್ಲ.

"ಇದೇನು ಡಾಕ್ಟ್ರೇ, ಬಂದ ದಿನವೇ ಮೇಜಿನ ಕೆಳಗೆ ಸೇರ್ಕೊಂಡಿದ್ದೀರಿ?"

"ಮೇಡಂ ಹೇಳಿದ್ರು, ಕೂತೆ," ಅಂತ ಕೆಳಗಿನಿಂದ ದನಿ ಬಂತು. "ಪ್ಲಗ್ ಸಡಿಲ ಆಗಿತ್ತು. ಸರಿ ಮಾಡಿದೀನಿ."

ಆಮೇಲೆ ತಲೆಗೂದಲಿನ ತುಂಬ ಧೂಳು ಮೆತ್ತಿಕೊಂಡ, ನಲವತ್ತು ದಾಟಿದ ಒಬ್ಬ ಮನುಷ್ಯ ಮೊಣಕಾಲು ಕೊಡವುತ್ತ ಎದ್ದು ನಿಂತರು. ಬೇರೆ ಊರಿನ ಆಸ್ಪತ್ರೆಯಿಂದ ಎರಡು ತಿಂಗಳ ಮಟ್ಟಿಗೆ ಬಂದ ಪೆಥಾಲಜಿ ಡಾಕ್ಟರು. ಡಾಕ್ಟರಮ್ಮನ ಮುಖ ಕಿವಿಯವರೆಗೂ ಕೆಂಪಾಯಿತು. ಅವರು ದೀಪದ ಕಡೆ ಬೆರಳು ತೋರಿಸಿ, "ಈಗ ಮಿಣುಕ್ತಿಲ್ಲ ಅಲ್ವಾ?" ಅಂತ ಮಾತ್ರ ಕೇಳಿದರು.

ಅವರು ಬಂದ ಕೆಲಸ ಏನು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಲಿವರ್ ಕ್ಯಾನ್ಸರಿನ ಇನ್ನೂರ ಹನ್ನೆರಡು ರೋಗಿಗಳಿಂದ ತೆಗೆದ ಸಣ್ಣ ಸಣ್ಣ ತುಣುಕುಗಳನ್ನು ಆಸ್ಪತ್ರೆ ಮೇಣದ ಅಚ್ಚಿನಲ್ಲಿ ಜೋಪಾನ ಮಾಡಿತ್ತು. ಆ ಕ್ಯಾನ್ಸರಿನ ಜೀವಕೋಶಗಳಲ್ಲಿ ಒಂದು ಪ್ರೋಟೀನು ಕೆಲವರಲ್ಲಿ ಹೆಚ್ಚು, ಕೆಲವರಲ್ಲಿ ಕಡಿಮೆ. ತುಣುಕನ್ನು ತೆಳ್ಳಗೆ ಕೊಯ್ದು ಗಾಜಿನ ಸ್ಲೈಡಿಗೆ ಹತ್ತಿಸಿ ಬಣ್ಣದಕ್ಕ ಬಣ್ಣ ಹಾಕಿದರೆ ಆ ಪ್ರೋಟೀನು ಇರುವ ಕಡೆಯೆಲ್ಲ ಕಂದು ಕಾಣುತ್ತದೆ. ಕಂದು ಗಾಢವಾಗಿದ್ದವರು ಬೇಗ ಹೋದರೇ, ತಿಳಿಯಾಗಿದ್ದವರು ಹೆಚ್ಚು ದಿನ ಇದ್ದರೇ? ಇದೇ ಪ್ರಶ್ನೆ. ಹೌದು ಅಂತಾದರೆ, ಮುಂದೆ ಬರುವ ರೋಗಿಯ ಕಾಯಿಲೆ ಎಷ್ಟು ಜೋರಿನದು ಅಂತ ಮೊದಲ ದಿನವೇ ಅಂದಾಜು ಸಿಗಬಹುದು.

ಯಾರು ಎಷ್ಟು ತಿಂಗಳು ಬದುಕಿದರು ಅನ್ನುವ ಪಟ್ಟಿ ಬೇರೆ ಕೋಣೆಯ ಕಂಪ್ಯೂಟರಿನಲ್ಲಿ ಬೀಗ ಹಾಕಿಕೊಂಡು ಕೂತಿತ್ತು. ಸ್ಲೈಡಿನ ಮೇಲೆ ಹೆಸರಿಲ್ಲ, ವಯಸ್ಸಿಲ್ಲ, ಬರೀ ಒಂದು ನಂಬರು. ಇಬ್ಬರು ಅದನ್ನು ಬೇರೆ ಬೇರೆ ಓದಬೇಕು, ಕಂದು ಎಷ್ಟು ಗಾಢ ಅಂತ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡಬೇಕು, ಮೂರು ಅಂದರೆ ಎಲ್ಲಕ್ಕಿಂತ ಗಾಢ. ಎಲ್ಲ ಮುಗಿಯುವ ತನಕ ತಲೆ ಮೇಲೆ ತಲೆ ಬಿದ್ದರೂ ಸ್ಲೈಡುಗಳ ಬಗ್ಗೆ ಒಬ್ಬರಿಗೊಬ್ಬರು ಉಸಿರೆತ್ತಬಾರದು. ಮೊದಲು ಓದುವವಳು ನಮ್ಮ ಡಾಕ್ಟರಮ್ಮ. ಬಂದವರಿಗೆ ಬಣ್ಣದಕ್ಕ ಎರಡನೇ ಕಣ್ಣು ಅಂತ ಹೆಸರಿಟ್ಟಳು. ವಾರದೊಳಗೆ ಕ್ಯಾಂಟೀನಿನವರೂ ಹಾಗೇ ಕರೆಯತೊಡಗಿದರು.

ಇಬ್ಬರನ್ನು ಎದುರುಬದುರು ಕೂರಿಸಿ, ಮಾಡುವ ಕೆಲಸದ ಬಗ್ಗೆ ಮಾತಾಡಬೇಡಿ ಅಂದರೆ ಏನು ಮಾಡುತ್ತಾರೆ ಹೇಳಿ? ಮಿಕ್ಕಿದ್ದೆಲ್ಲ ಮಾತಾಡುತ್ತಾರೆ.

"ಇವತ್ತು ಎಷ್ಟು ಓದಿದ್ರಿ ಅಂತನಾದರೂ ಕೇಳಬಹುದಾ?" ಅಂತ ಅವರು ಟೀ ಲೋಟ ಹಿಡಿದು ಕಿಟಕಿಯ ಹತ್ತಿರ ಬರುವರು.

"ಕೇಳಬಾರದು."

"ಸರಿ. ಹಾಗಾದರೆ ಎದುರು ಮಹಡಿಯ ಆ ಅಜ್ಜ ದಿನಾ ಒಂದೇ ಶರ್ಟು ಒಣಗೋಕೆ ಹಾಕ್ತಾನಲ್ಲ, ಅವನ ಹತ್ತಿರ ಒಂದೇ ಇದೆಯೋ, ಒಂದೇ ಬಣ್ಣದ್ದು ಹತ್ತು ಇದೆಯೋ?"

"ಒಂದೇ. ಜೇಬಿನ ಹತ್ತಿರ ಕಲೆ ಇದೆ ನೋಡಿ."

"ಅಬ್ಬಾ, ಏನು ಕಣ್ಣು ನಿಮ್ಮದು," ಅಂದು ಅವರು ಶರ್ಟು ಬಿಟ್ಟು ಅವಳ ಕಣ್ಣನ್ನೇ ನೋಡುವರು. ಬೆಳಗ್ಗೆಯಿಂದ ಲೆನ್ಸಿಗೆ ಒತ್ತಿಕೊಂಡು ಸುತ್ತ ಗುಂಡಗೆ ಅಚ್ಚು ಬಿದ್ದಿರುತ್ತಿತ್ತು. ಅವಳು ಬೇಗ ಮುಖ ತಿರುಗಿಸಿ ಇಲ್ಲದ ಕೆಲಸ ಹುಡುಕುತ್ತಿದ್ದಳು.

ಹೀಗೇ ಒಂದು ದಿನ ಅವರು ತಮ್ಮ ಮದುವೆ ಮುರಿದ ಸಂಗತಿ ಹೇಳಿದರು, ಬಸ್ಸು ತಪ್ಪಿದ ಸುದ್ದಿಯಷ್ಟೇ ಹಗುರವಾಗಿ. ಏಳು ವರ್ಷವಾಯಿತಂತೆ. "ನೀವು?" ಅಂತ ಕೇಳಿದಾಗ ಅವಳು, "ಮನೆಯಲ್ಲಿ ಅತ್ತೆ ಇದ್ದಾರೆ," ಅಂದಳು. ಅತ್ತೆ ಇದ್ದ ಮೇಲೆ ಗಂಡನೂ ಇರಬೇಕು ಅಂತ ಅವರು ಅಂದುಕೊಂಡಿರಬಹುದು. ಅವಳು ತಿದ್ದಲಿಲ್ಲ.

ಗಂಡ ಹೋಗಿ ಆರು ವರ್ಷವಾಗಿತ್ತು. ಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವನು, ನಗಿಸಿ ನಗಿಸಿ ಲೆಕ್ಕ ಕಲಿಸುತ್ತಿದ್ದವನು, ಲಿವರ್ ಕ್ಯಾನ್ಸರ್ ಅಂತ ಗೊತ್ತಾದ ಐದು ತಿಂಗಳಿಗೆ ಹೊರಟುಹೋದ. ಆಮೇಲೆ ಆ ಮನೆಯಲ್ಲಿ ಉಳಿದವರು ಅತ್ತೆ ಮತ್ತು ಸೊಸೆ. ಜಗಳವಿಲ್ಲ, ಮಾತೂ ಇಲ್ಲ. ಸಂಜೆ ಏಳಕ್ಕೆ ಊಟಕ್ಕೆ ಕೂತರೆ ತಟ್ಟೆಗೆ ಚಮಚ ತಾಗುವ ಸದ್ದು ಬಿಟ್ಟು ಬೇರೆ ಕೇಳುತ್ತಿರಲಿಲ್ಲ. ಅತ್ತೆ ತನ್ನ ಮುಖ ನೇರ ನೋಡುವುದಿಲ್ಲ ಅನ್ನುವುದನ್ನು ಡಾಕ್ಟರಮ್ಮ ಬಹಳ ಹಿಂದೆಯೇ ಗಮನಿಸಿದ್ದಳು. ಅದಕ್ಕೆ ಕಾರಣ ತನಗೆ ಗೊತ್ತು ಅಂತಲೂ ಅಂದುಕೊಂಡಿದ್ದಳು.

ಕಾರಣ ಇದು. ಬಲಪಕ್ಕೆಯ ಕೆಳಗೆ ನೋವು ಅಂತ ಗಂಡ ಹೇಳಿದಾಗ ಅವಳು ಪುಸ್ತಕದಿಂದ ತಲೆ ಎತ್ತದೆ, "ಗ್ಯಾಸ್ಟ್ರಿಕ್ ಅಷ್ಟೇ, ಮಾತ್ರೆ ತಗೊಳ್ಳಿ," ಅಂದಿದ್ದಳು. ಆಗ ಅವಳಿಗೆ ದೊಡ್ಡ ಪರೀಕ್ಷೆ ಎದುರಿಗಿತ್ತು. ಮೂರು ತಿಂಗಳು ಅವನು ಮಾತ್ರೆ ನುಂಗಿದ. ದಿನವಿಡೀ ಊರವರ ಕ್ಯಾನ್ಸರು ಹುಡುಕಿ ಬರೆಯುವವಳು ಪಕ್ಕದ ದಿಂಬಿನಲ್ಲಿದ್ದದ್ದನ್ನು ಕಾಣಲಿಲ್ಲ. ಈ ತಪ್ಪು ಹೊತ್ತುಕೊಂಡು ಇನ್ನೊಬ್ಬರ ಜೊತೆ ನಗುವ ಹಕ್ಕು ತನಗಿಲ್ಲ ಅಂತ ಅವಳು ಅಂದೇ ತೀರ್ಮಾನ ಮಾಡಿಬಿಟ್ಟಿದ್ದಳು.

ಆ ಇನ್ನೂರ ಹನ್ನೆರಡರಲ್ಲಿ ಅವನೂ ಇದ್ದಾನೆ ಅಂತ ಅವಳಿಗೆ ಗೊತ್ತಿತ್ತು. ಅದೇ ಆಸ್ಪತ್ರೆ, ಅದೇ ವರ್ಷಗಳು. ನಾನು ಓದುವುದಿಲ್ಲ ಅಂತ ಮೊದಲೇ ಹೇಳಬೇಕಿತ್ತು. ಹೇಳಲಿಲ್ಲ, ಯಾಕೆಂದರೆ ಅವನ ಅಂಕ ಅವಳಿಗೆ ಬೇಕಿತ್ತು. ಕಂದು ಗಾಢವಾಗಿದ್ದರೆ ಕಾಯಿಲೆಯೇ ಅಷ್ಟು ಜೋರಿನದು, ಮೂರು ತಿಂಗಳು ಮೊದಲು ಕಂಡಿದ್ದರೂ ಅಷ್ಟೇ. ತಿಳಿಯಾಗಿದ್ದರೆ ಆ ಮೂರು ತಿಂಗಳು ಅವಳೇ ಕಳೆದದ್ದು.

ನಾಲ್ಕನೇ ವಾರ ಅವನು ಸಿಕ್ಕಿದ. ನೂರ ಹದಿನೇಳು. ಸೂಜಿ ಚುಚ್ಚಿ ತೆಗೆದ ಮೂರು ಎಳೆ, ನಡುವಿನದು ತುಂಡಾಗಿ ಕೊಕ್ಕೆಯ ಹಾಗೆ ಬಗ್ಗಿದ್ದು. ಆರು ವರ್ಷದ ಹಿಂದೆ ಹಿರಿಯ ಡಾಕ್ಟರು ಬರುವ ಮುಂಚೆ ಅದೇ ಆಕಾರವನ್ನು ಇದೇ ಮೇಜಿನಲ್ಲಿ ಅವಳು ಕದ್ದು ನೋಡಿದ್ದಳು. ಬಣ್ಣದಕ್ಕನನ್ನು ಕರೆದು, ಇದನ್ನು ನಾನು ಓದಬಾರದು ಅಂತ ಪಕ್ಕಕ್ಕಿಡಬೇಕಿತ್ತು. ಅವಳು ಬಾಗಿಲ ಕಡೆ ಒಮ್ಮೆ ನೋಡಿ, ಹಾಳೆಯಲ್ಲಿ ಮೂರು ಅಂತ ಬರೆದಳು. ಬರೆದ ಮೇಲೆ ಲೆನ್ಸಿನೊಳಗೆ ಮತ್ತೆ ನೋಡುವ ಧೈರ್ಯ ಬರಲಿಲ್ಲ.

ಆರು ವಾರಕ್ಕೆ ಓದು ಮುಗಿಯಿತು. ಇಬ್ಬರ ಹಾಳೆ ಪಕ್ಕಪಕ್ಕ ಇಟ್ಟು ನೋಡಿದರೆ ಮೂವತ್ತೊಂದು ಕಡೆ ಅಂಕ ಬೇರೆ. ಅಂಥವನ್ನು ಒಟ್ಟಿಗೆ ಕೂತು ಬಗೆಹರಿಸಬೇಕು ಅನ್ನುವುದು ಕ್ರಮ. ಅದಕ್ಕೆ ಎರಡು ತಲೆಯ ಮೈಕ್ರೋಸ್ಕೋಪು ಇತ್ತು, ಒಂದೇ ಸ್ಲೈಡನ್ನು ಎದುರೆದುರು ಕೂತ ಇಬ್ಬರು ಒಂದೇ ಹೊತ್ತಿಗೆ ನೋಡುವಂಥದ್ದು. ತೋರಿಸಲು ಬೆಳಕಿನ ಒಂದು ಹಸಿರು ಬಾಣ.

"ಈಗ ಬಾಯಿ ಬಿಡಬಹುದಲ್ಲ?" ಅಂದರು ಅವರು ಕುರ್ಚಿ ಎಳೆದುಕೊಂಡು.

"ಬಿಡಿ. ಆರು ವಾರ ಕಷ್ಟಪಟ್ಟಿದ್ದೀರಿ."

"ಆರು ವಾರ ಆ ಅಜ್ಜನ ಶರ್ಟು ಕಾಪಾಡಿತು."

ಕಣ್ಣು ಲೆನ್ಸಿನಲ್ಲಿದ್ದಾಗ ಎದುರಿನವರು ಕಾಣುವುದಿಲ್ಲ. ಉಸಿರು ಕೇಳುತ್ತದೆ, ಶರ್ಟಿನ ತೋಳು ಮೇಜಿಗೆ ಸವರಿದ್ದು ಕೇಳುತ್ತದೆ. ಅವರ ಬಾಣ ಒಂದು ಜೀವಕೋಶದಿಂದ ಇನ್ನೊಂದಕ್ಕೆ ಮೆಲ್ಲಗೆ ಹೋಗುವುದು, ಅವಳ ಕಣ್ಣು ಅದರ ಹಿಂದೆ ಹೋಗುವುದು.

"ಇದು ಎರಡು."

"ಒಂದು."

"ಎರಡು ಅಂದ್ರೆ ನಿಮ್ಮ ಗಂಟೇನು ಹೋಗುತ್ತೆ ಮೇಡಂ?"

"ಒಂದು ಅಂದ್ರೆ ನಿಮ್ಮದೇನು ಹೋಗುತ್ತೆ?"

ಇಬ್ಬರೂ ಒಟ್ಟಿಗೆ ತಲೆ ಎತ್ತುವರು. ಗೇಣುದ್ದದ ದೂರ. ಇಬ್ಬರ ಕಣ್ಣಿನ ಸುತ್ತಲೂ ಅದೇ ಗುಂಡನೆ ಅಚ್ಚು. ಅವರ ಬಲ ರೆಪ್ಪೆಯ ಮೇಲೆ ಒಂದು ಸಣ್ಣ ಮಚ್ಚೆ ಇರುವುದು, ನಗುವ ಮುಂಚೆ ಅವರ ಕೆಳತುಟಿ ಸ್ವಲ್ಪ ಒಳಗೆ ಹೋಗುವುದು, ಇದೆಲ್ಲ ಅವಳಿಗೆ ಗೊತ್ತಾದದ್ದು ಆ ದಿನಗಳಲ್ಲೇ. ಸಂಜೆ ಮನೆಗೆ ಹೋದ ಮೇಲೆ ಅದು ನೆನಪಾಗಿ ಅವಳಿಗೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು. ಊಟದ ಮೇಜಿನಲ್ಲಿ ಅತ್ತೆ ತಲೆ ತಗ್ಗಿಸಿ ಕೂತಿರುತ್ತಿದ್ದರು.

ಹೀಗೆ ಹನ್ನೊಂದು ದಿನ. ಹನ್ನೊಂದನೆಯ ದಿನ ಮಧ್ಯಾಹ್ನ ಉಳಿದದ್ದು ಒಂದೇ.

"ನೂರ ಹದಿನೇಳು," ಅಂದರು ಅವರು. "ಬೇಕಂತಲೇ ಕೊನೆಗೆ ಇಟ್ಟೆ. ನಾನು ಒಂದು, ನೀವು ಮೂರು. ಇಷ್ಟು ದೂರ ನಾವು ಬೇರೆ ಯಾವುದರಲ್ಲೂ ಹೋಗಿಲ್ಲ."

"ಅಂಚು ನೋಡಿ," ಅಂದಳು ಅವಳು. ಬಾಣವನ್ನು ತಾನೇ ಎಳೆದು ತುಣುಕಿನ ಅಂಚಿಗೆ ತಂದಳು. ಅಲ್ಲಿ ಕಂದು ದಟ್ಟವಾಗಿತ್ತು.

"ಅಂಚಿನಲ್ಲಿ ಬಣ್ಣ ಕೂತೇ ಕೂರುತ್ತೆ. ಬಟ್ಟೆಗೆ ಬಣ್ಣ ಹಾಕಿದಾಗ ಕೊನೆಯಲ್ಲಿ ಗಟ್ಟಿ ಆಗುತ್ತಲ್ಲ, ಹಾಗೆ. ಅಲ್ಲಿ ಅಂಕ ಕೊಡಬಾರದು ಅಂತ ಮೊದಲ ವಾರ ವಿದ್ಯಾರ್ಥಿಗಳಿಗೆ ನೀವೇ ಪಾಠ ಮಾಡಿದ್ರಿ. ಮಧ್ಯಕ್ಕೆ ಬನ್ನಿ."

"ಅಂಚೇ ನೋಡಿ. ಮೂರು ಅಂತ ಬರ್ಕೊಳ್ಳಿ."

ದನಿ ಎಂದಿನ ಅವಳದಾಗಿರಲಿಲ್ಲ. ಅವರು ತಲೆ ಎತ್ತಿದರು.

"ನಿಮಗೆ ಮೂರು ಬೇಕಾ?"

"ಬೇಕು."

ಅವರು ಪೆನ್ನು ತೆಗೆದು ಮುಚ್ಚಳ ಬಿಚ್ಚಿ ಹಾಳೆ ಹತ್ತಿರ ಎಳೆದುಕೊಂಡರು. ಯಾಕೆ ಅಂತಲೂ ಕೇಳಲಿಲ್ಲ. ಬರೆಯುತ್ತಾರೆ, ತನಗೋಸ್ಕರ ಸುಳ್ಳು ಬರೆದೇ ಬಿಡುತ್ತಾರೆ ಅಂತ ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಅವಳಿಗೆ ಭಯವಾಯಿತು.

"ಬರೀಬೇಡಿ," ಅಂದಳು. "ಇದು ನನ್ನ ಗಂಡಂದು."

ಆಮೇಲೆ ತಡೆಯಲು ಆಗಲಿಲ್ಲ. ನೋವು, ಮಾತ್ರೆ, ಮೂರು ತಿಂಗಳು, ಕೊಕ್ಕೆಯಂಥ ಎಳೆ, ಕದ್ದು ಬರೆದ ಅಂಕ, ಎಲ್ಲ ಹೇಳಿದಳು. ಮೇಜಿನ ಮೇಲಿನ ಹಾಳೆಯನ್ನೇ ನೋಡುತ್ತ ಹೇಳಿದಳು. ಮುಗಿದಾಗ ಅವರು ಸಮಾಧಾನದ ಮಾತಾಡುತ್ತಾರೆ ಅಂತ ಕಾದಳು. ನಿಮ್ಮ ತಪ್ಪಲ್ಲ, ಹಣೆಬರಹ, ಏನೂ ಮಾಡೋಕಾಗ್ತಿರಲಿಲ್ಲ. ಕೇಳಿ ಕೇಳಿ ಅವಳ ಕಿವಿ ತೂತಾಗಿತ್ತು.

ಅವರು ಮತ್ತೆ ಲೆನ್ಸಿಗೆ ಕಣ್ಣಿಟ್ಟರು. ಮೊದಲನೆಯ ಎಳೆಯನ್ನು ತುದಿಯಿಂದ ತುದಿಗೆ ನೋಡಿದರು. ಎರಡನೆಯದು. ತುಂಡಾದ ಭಾಗ. ಮೂರನೆಯದು. ಹತ್ತು ನಿಮಿಷವಾದರೂ ಆಗಿರಬೇಕು. ಅವಳು ಅಲ್ಲಿಯವರೆಗೆ ಅವರ ಬಗ್ಗಿದ ತಲೆಯನ್ನೇ ನೋಡುತ್ತ ಕೂತಿದ್ದಳು.

"ಒಂದೇ," ಅಂದರು. "ಇನ್ನು ಹತ್ತು ಸಲ ನೋಡಿದರೂ ನನಗೆ ಒಂದೇ ಕಾಣೋದು."

ಅವಳು ಅತ್ತಳು. ಲ್ಯಾಬಿನ ಕುರ್ಚಿಯಲ್ಲಿ ಕೂತು, ಮೂಗು ಸೋರಿಸಿಕೊಂಡು, ಸಣ್ಣ ಮಕ್ಕಳ ಹಾಗೆ ಅತ್ತಳು. ಅವರು ಕರ್ಚೀಫು ಹುಡುಕಿದರು, ಸಿಗಲಿಲ್ಲ, ಲೆನ್ಸು ಒರೆಸುವ ತೆಳು ಕಾಗದದ ಕಟ್ಟನ್ನೇ ಮುಂದೆ ತಳ್ಳಿದರು. ಅದರಿಂದ ಒರೆಸಿಕೊಂಡರೆ ಕಾಗದ ಕರಗಿ ಕೆನ್ನೆಗೆ ಅಂಟಿತು.

"ಒಂದು ಅಂದರೆ ಬದುಕ್ತಿದ್ದರು ಅಂತ ಅಲ್ಲ," ಅಂದರು ಅವರು, ನಿಧಾನವಾಗಿ. "ಪಟ್ಟಿ ತೆರೆದೇ ಇಲ್ಲ. ಈ ಪ್ರೋಟೀನಿಗೂ ಆಯಸ್ಸಿಗೂ ನಂಟು ಇದೆಯೋ ಇಲ್ಲವೋ ಅದೇ ಇನ್ನೂ ಗೊತ್ತಿಲ್ಲ. ಇದ್ದರೂ ಅದು ಇನ್ನೂರು ಜನರನ್ನು ಒಟ್ಟಿಗೆ ಇಟ್ಟು ಹೇಳೋ ಮಾತು. ಒಬ್ಬರ ವಿಷಯ ಕೇಳಿದರೆ ಇದಕ್ಕೆ ಬಾಯಿಲ್ಲ."

"ಹಾಗಾದರೆ ನನ್ನ ತಪ್ಪಾ, ಅಲ್ಲವಾ?"

"ನನಗೆ ಗೊತ್ತಿಲ್ಲ. ಯಾವತ್ತಾದರೂ ನಿಮಗೆ ಗೊತ್ತಾಗುತ್ತೆ ಅಂತಲೂ ಅನಿಸಲ್ಲ."

ಆರು ವರ್ಷದಲ್ಲಿ ಅವಳಿಗೆ ನಿಜ ಹೇಳಿದವರು ಇವರೊಬ್ಬರೇ. ಅವರೇ ಈಗಷ್ಟೇ ಅವಳಿಗೋಸ್ಕರ ಸುಳ್ಳು ಬರೆಯಲೂ ತಯಾರಿದ್ದರು. ಇದನ್ನು ಯಾವ ಲೆಕ್ಕಕ್ಕೆ ಹಿಡಿಯಬೇಕೋ ಅವಳಿಗೆ ತಿಳಿಯಲಿಲ್ಲ. ಗುರುತು ಗೊತ್ತಿದ್ದು ಓದಿದ ಸ್ಲೈಡು ಲೆಕ್ಕಕ್ಕಿಲ್ಲ, ಆದ್ದರಿಂದ ನೂರ ಹದಿನೇಳನ್ನು ಕೈಬಿಟ್ಟಿದೆ ಅಂತ ಅವರು ಹಾಳೆಯಲ್ಲಿ ಕಾರಣ ಸಮೇತ ಬರೆದರು. ಅವಳು ಕೆಳಗೆ ಸಹಿ ಹಾಕಿ, ತಾನೇ ಹೋಗಿ ವಿಭಾಗದ ಮುಖ್ಯಸ್ಥರಿಗೆ ಒಪ್ಪಿಸಿ, ಬೈಸಿಕೊಂಡು ಬಂದಳು.

ಸಂಜೆ ಅತ್ತೆ ಒಣಗಿದ ಬಟ್ಟೆ ಮಡಿಸುತ್ತ ಮಂಚದ ಮೇಲೆ ಕೂತಿದ್ದರು. ಅವಳು ಚಪ್ಪಲಿ ಬಿಟ್ಟು ಸೀದಾ ಹೋಗಿ ಎದುರಿಗೆ ನಿಂತಳು.

"ಅತ್ತೆ, ನಿಮಗೊಂದು ಹೇಳಬೇಕು. ಅವರು ನೋವು ಅಂದಾಗ ನಾನು ಗ್ಯಾಸ್ಟ್ರಿಕ್ ಅಂದಿದ್ದೆ. ಮೂರು ತಿಂಗಳು ನಾನು ನೋಡಲೇ ಇಲ್ಲ."

ಅತ್ತೆಯ ಕೈ ನಿಂತಿತು. ಮತ್ತೆ ಮಡಿಸತೊಡಗಿತು. ಒಂದು ಸೀರೆ ಪೂರ್ತಿ ಮಡಿಸಿ ಪಕ್ಕಕ್ಕಿಟ್ಟ ಮೇಲೆ ಅವರು ಬಾಯಿ ಬಿಟ್ಟರು.

"ನನಗೆ ಮೊದಲೇ ಹೇಳಿದ್ದ. ನಿನಗೆ ಹೇಳೋಕೆ ಒಂದು ತಿಂಗಳು ಮುಂಚೆ."

ಅವಳಿಗೆ ಅರ್ಥವಾಗಲಿಲ್ಲ.

"ಅವಳಿಗೆ ಪರೀಕ್ಷೆ ಹತ್ತಿರ ಬಂದಿದೆ, ಅವಳ ತಲೆ ತಿನ್ನಬೇಡ, ಬಿಸಿನೀರು ಕುಡಿದು ಮಲಗು ಅಂದೆ ನಾನು. ಹೆತ್ತವಳು ನಾನು ಕಣೇ. ಮಗ ಹೊಟ್ಟೆ ಹಿಡ್ಕೊಂಡು ನಿಂತಿದ್ದ, ಬಿಸಿನೀರು ಅಂದೆ."

"ಯಾಕೆ ಅತ್ತೆ ನನಗೆ ಹೇಳಲಿಲ್ಲ, ಇಷ್ಟು ವರ್ಷ?"

"ಗೊತ್ತಾದರೆ ನೀನು ಬಿಟ್ಟು ಹೋಗ್ತೀಯ ಅಂತ. ನಿನ್ನ ಮುಖ ನೋಡೋಕೂ ಭಯ ಆಗ್ತಿತ್ತು ನನಗೆ."

ಡಾಕ್ಟರಮ್ಮ ಮಂಚದ ಮೇಲೆ ಕೂತಳು. ಒಂದೇ ಸೂರಿನ ಕೆಳಗೆ, ಒಂದೇ ಮೇಜಿನಲ್ಲಿ ಉಂಡುಕೊಂಡು, ಇಬ್ಬರೂ ಒಂದೇ ಭಾರವನ್ನು ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಹೊತ್ತಿದ್ದರು. ಅವಳು ಅತ್ತೆಯ ಕೈ ಹಿಡಿದುಕೊಂಡಳು. ಕೈ ತಣ್ಣಗಿತ್ತು, ಸೋಪಿನ ವಾಸನೆ ಬರುತ್ತಿತ್ತು.

"ಇವತ್ತು ಇದನ್ನ ಹೇಳಿಸಿದ್ದು ಯಾರು?" ಅಂತ ಅತ್ತೆ ಕೊನೆಗೆ ಕೇಳಿದರು.

"ನಮ್ಮ ಲ್ಯಾಬಿಗೆ ಬಂದಿದ್ದಾರೆ. ಎರಡನೇ ಕಣ್ಣು ಅಂತಾರೆ."

"ಹೆಂಡತಿ ಮಕ್ಕಳು?"

"ಯಾರೂ ಇಲ್ಲ. ನಾಳೆ ಊರಿಗೆ ಹೋಗ್ತಾರೆ."

ಅತ್ತೆ ಅವಳ ಮುಖವನ್ನು ನೇರವಾಗಿ ನೋಡಿದರು. ಮಡಿಸಿದ ಟವೆಲನ್ನು ಅವಳು ಬಿಚ್ಚಿ ಮತ್ತೆ ಮಡಿಸುತ್ತಿದ್ದಳು.

"ನೋಡು, ಅತ್ತೆ ಇದ್ದಾರೆ, ಅತ್ತೆ ಏನಂತಾರೋ ಅಂತ ನನ್ನನ್ನ ನೆಪ ಮಾಡ್ಕೋಬೇಡ," ಅಂದರು. "ಆ ಟವೆಲ್ ಬಿಡು, ಸವೆದುಹೋಗುತ್ತೆ."

ಮರುದಿನ ಶನಿವಾರ. ಲ್ಯಾಬಿನಲ್ಲಿ ಎರಡನೇ ಕಣ್ಣು ತಮ್ಮ ಮೇಜು ಖಾಲಿ ಮಾಡುತ್ತಿದ್ದರು. ಬಣ್ಣದಕ್ಕ ಇಬ್ಬರನ್ನೂ ಒಮ್ಮೆ ನೋಡಿ, "ನನಗೆ ಬಣ್ಣ ಕಲಸೋದಿದೆ," ಅಂತ ಹೊರಟಳು.

"ಎಲ್ಲ ಮುಗೀತಲ್ಲ, ಇನ್ನೇನು ಕಲಸ್ತೀಯ ಅಕ್ಕ?"

"ಏನಾದ್ರೂ ಕಲಸ್ತೀನಮ್ಮ, ನಿಂಗ್ಯಾಕೆ."

ಬಸ್‌ಸ್ಟ್ಯಾಂಡಿನವರೆಗೆ ಇಬ್ಬರೂ ನಡೆದರು. ಬಿಸಿಲಿತ್ತು. ಅವರು ಬ್ಯಾಗನ್ನು ಆ ಹೆಗಲಿಂದ ಈ ಹೆಗಲಿಗೆ ಬದಲಿಸುತ್ತಲೇ ಇದ್ದರು. ಬೆಂಚಿನ ಮೇಲೆ ಕೂತ ಮೇಲೆ ಅವರು ಬ್ಯಾಗು ಕೆಳಗಿಟ್ಟರು.

"ಮೂವತ್ತೊಂದು ಸ್ಲೈಡು ಎರಡು ದಿನದ ಕೆಲಸ. ನಾನು ಹನ್ನೊಂದು ದಿನ ಎಳೆದೆ."

"ನಾನು ಹಟ ಮಾಡಿದ್ದಕ್ಕೆ."

"ಅಲ್ಲ. ಮನಸ್ಸಿನಲ್ಲಿ ಒಪ್ಪಿಕೊಂಡ ಮೇಲೂ ವಾದ ಮಾಡ್ತಿದ್ದೆ. ಅಂಕ ಒಂದೂ ತಿರುಚಿಲ್ಲ, ಆಣೆ ಮಾಡ್ತೀನಿ. ಸುಮ್ಮನೆ ಬಾಣ ತಿರುಗಿಸ್ತಾ ಕೂರ್ತಿದ್ದೆ."

"ಗೊತ್ತಿತ್ತು."

"ಗೊತ್ತಿತ್ತಾ?"

"ಒಂದೇ ಜೀವಕೋಶದ ಸುತ್ತ ಅರ್ಧ ಗಂಟೆ ಬಾಣ ಸುತ್ತಿಸಿದರೆ ಯಾರಿಗೆ ಗೊತ್ತಾಗಲ್ಲ?"

"ಮತ್ತೆ ಯಾಕೆ ಸುಮ್ಮನಿದ್ರಿ?"

ಅವಳು ತನ್ನ ಅಂಗೈ ನೋಡಿಕೊಂಡಳು. "ಮುಗಿದುಹೋಗುತ್ತಲ್ಲ ಅಂತ."

ಅವರ ಕೆಳತುಟಿ ಸ್ವಲ್ಪ ಒಳಗೆ ಹೋಯಿತು. ಆದರೆ ಈ ಸಲ ನಗಲಿಲ್ಲ. "ನಾನು ನಿಮ್ಮನ್ನ ಬಹಳ ಇಷ್ಟಪಡ್ತೀನಿ," ಅಂದರು. "ನಿನ್ನೆ ಆ ಪೆನ್ನು ಹಿಡಿದಾಗ ಎಷ್ಟು ಅಂತ ನನಗೇ ಗೊತ್ತಾಗಿ ಹೆದರಿಕೆ ಆಯ್ತು. ಉತ್ತರ ಬೇಕು ಅಂತ ಅಲ್ಲ. ಹೇಳದೆ ಬಸ್ಸು ಹತ್ತೋಕೆ ಆಗಲಿಲ್ಲ."

ಬಸ್ಸು ಬಂದು ನಿಂತಿತು. ಜನ ಇಳಿದರು, ಜನ ಹತ್ತಿದರು. ಅವರು ಎದ್ದು ಬ್ಯಾಗು ಹೆಗಲಿಗೆ ಹಾಕಿಕೊಂಡರು. ಅವಳೂ ಎದ್ದಳು.

"ಅಲ್ಲಿಂದ ಇಲ್ಲಿಗೆ ಎಷ್ಟು ಹೊತ್ತು?" ಅಂತ ಕೇಳಿದಳು.

"ನಾಲ್ಕು ಗಂಟೆ."

"ಶನಿವಾರ ಬನ್ನಿ."

ಅವರು ಮೆಟ್ಟಿಲಿಗೆ ಇಟ್ಟ ಕಾಲು ಹಾಗೇ ನಿಲ್ಲಿಸಿ ತಿರುಗಿದರು. "ಯಾವ ಶನಿವಾರ?"

ಆರು ವರ್ಷದಿಂದ ಅವಳು ಯಾರ ಹತ್ತಿರವೂ ಏನನ್ನೂ ಕೇಳಿರಲಿಲ್ಲ. ಕೇಳುವ ಹಕ್ಕಿಲ್ಲ ಅಂದುಕೊಂಡಿದ್ದಳು. ಹಕ್ಕು ಬಂದಿದೆ ಅಂತ ಈಗಲೂ ಯಾರೂ ಬರೆದು ಕೊಟ್ಟಿರಲಿಲ್ಲ.

"ಎಲ್ಲ ಶನಿವಾರಾನೂ," ಅಂದಳು.